ವೀಣೆ ಬಿಡಿಸಿ ಎನ್‌ಜಿಒ ಕಟ್ಟಿಸಬೇಕೇ?

ಪ್ರಶ್ನೆ: ಮಗಳು ಪ್ರಥಮ ಪಿಯು ವಿಜ್ಞಾನ ಓದುತ್ತಿದ್ದಾಳೆ. ಪದವಿಗೆ ಅಮೆರಿಕಕ್ಕೆ ಹೋಗುವ ಆಸೆ. ಎರಡನೇ ತರಗತಿಯಿಂದ ವೀಣೆ ಕಲಿಯುತ್ತಿದ್ದಾಳೆ, ಸೀನಿಯರ್ ಪರೀಕ್ಷೆ ಮುಗಿದಿದೆ. ಸಲಹಾ ಸಂಸ್ಥೆಯೊಂದರವರು ‘ವೀಣೆ ಎಲ್ಲರೂ ನುಡಿಸುತ್ತಾರೆ’ ಎಂದು ಹೇಳಿ, ಎನ್‌ಜಿಒ ಸ್ಥಾಪನೆ, ಸಂಶೋಧನಾ ಪ್ರಬಂಧ, ಮಾದರಿ ವಿಶ್ವಸಂಸ್ಥೆ (ವಿಶ್ವಸಂಸ್ಥೆಯ ಅಣಕು ಅಧಿವೇಶನ), ಕೋಡಿಂಗ್ ಎಂದು ಹತ್ತು ಚಟುವಟಿಕೆಗಳ ಪಟ್ಟಿ ಕೊಟ್ಟಿದ್ದಾರೆ. ಶುಲ್ಕ ಲಕ್ಷಗಳಲ್ಲಿದೆ. ಏನು ಮಾಡಲಿ?
– ಒಬ್ಬ ತಾಯಿ, ಮೈಸೂರು

ಉತ್ತರ: ವೀಣೆ ಶೇಷಣ್ಣನವರ ಊರಿನಲ್ಲಿ ಕುಳಿತು ‘ವೀಣೆ ಎಲ್ಲರೂ ನುಡಿಸುತ್ತಾರೆ’ ಎಂದವರ ಧೈರ್ಯವನ್ನು ಮೆಚ್ಚಬೇಕು. ಪಟ್ಟಿಯನ್ನು ಮಡಿಚಿಡಿ.

ಹತ್ತು ಎಂಬ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ಸಾವಿರಕ್ಕೂ ಹೆಚ್ಚು ಕಾಲೇಜುಗಳು ಒಪ್ಪುವ ‘ಕಾಮನ್ ಆಪ್’ ಎಂಬ ಆನ್‌ಲೈನ್ ಅರ್ಜಿಯಲ್ಲಿ ಚಟುವಟಿಕೆಗಳಿಗೆ ಹತ್ತು ಖಾನೆಗಳಿವೆ. ಖಾಲಿ ಖಾನೆ ಕಂಡರೆ ಕೈ ತುರಿಸುವುದು ನಮ್ಮ ಅಭ್ಯಾಸ. ಎಲ್ಲವನ್ನೂ ತುಂಬಲೇಬೇಕೆಂಬ ನಿಯಮವೇನೂ ಇಲ್ಲ. ತನ್ನದೇ ಅರ್ಜಿ ನಮೂನೆ ಇಟ್ಟುಕೊಂಡಿರುವ, ಬೋಸ್ಟನ್ ಬಳಿಯ ತಂತ್ರಜ್ಞಾನ ವಿಶ್ವವಿದ್ಯಾಲಯ ಎಂಐಟಿ ಕೇಳುವುದು ನಾಲ್ಕೇ ಚಟುವಟಿಕೆಗಳನ್ನು.

ಕಾಮನ್ ಆಪ್‌ನ ಒಂದು ಖಾನೆಯನ್ನು ಹತ್ತಿರದಿಂದ ನೋಡಿ. ಯಾವ ಪಾತ್ರ, ಯಾವ ಸಂಸ್ಥೆ ಎಂಬುದು, ಏನು ಮಾಡಿದೆ ಎಂಬುದಕ್ಕೆ 150 ಇಂಗ್ಲಿಷ್ ಅಕ್ಷರಗಳು (ಪದಗಳ ನಡುವಿನ ಜಾಗವೂ ಸೇರಿ), 9ರಿಂದ 12ರವರೆಗೆ ಯಾವ ಯಾವ ತರಗತಿಯಲ್ಲಿ, ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ. ಹೊಸೆದ ಪಟ್ಟಿಗಳ ಬಣ್ಣ ಬಯಲಾಗುವುದು ಈ ಕೊನೆಯ ಎರಡು ಅಂಕಿಗಳಲ್ಲೇ. ಹತ್ತು ಚಟುವಟಿಕೆ, ಪ್ರತಿಯೊಂದಕ್ಕೂ ವಾರಕ್ಕೆ ಆರು ಗಂಟೆ ಎಂದರೆ 60 ಗಂಟೆಯಾಯಿತು. ಪಿಯು ಕಾಲೇಜು, ಪ್ರಯೋಗಾಲಯ, ಟ್ಯೂಷನ್ ಮುಗಿಸಿದ ಹುಡುಗಿ ನಿದ್ದೆ ಮಾಡುವುದು ಯಾವಾಗ? ಅರ್ಜಿ ಓದುವವರಿಗೂ ಕೂಡುವ ಲೆಕ್ಕ ಬರುತ್ತದೆ. ಪ್ರಥಮ ಪಿಯುನಲ್ಲಿ ಹುಟ್ಟಿ, ಪ್ರವೇಶ ಪತ್ರ ಕೈಸೇರಿದ ತಿಂಗಳಲ್ಲೇ ಕಣ್ಮುಚ್ಚುವ ಎನ್‌ಜಿಒಗಳು ಅವರಿಗೆ ಹೊಸತಲ್ಲ. ಹಣ ಕೊಟ್ಟರೆ ಅಚ್ಚಾಗುವ ಸಂಶೋಧನಾ ಪ್ರಬಂಧಗಳೂ ಅಷ್ಟೇ.

ಇನ್ನು ವೀಣೆ. ಹಲವು ವರ್ಷ ಬಿಡದೆ ಮಾಡಿದ ಕೆಲಸವೊಂದು ಕೈಯಲ್ಲಿರುವಾಗ ಅದನ್ನೇ ಆಳಕ್ಕೆ ಒಯ್ಯಬೇಕು. ‘ಸೀನಿಯರ್’ ಎಂದರೆ ಬೋಸ್ಟನ್‌ನಲ್ಲಿ ಕುಳಿತವರಿಗೆ ಏನೂ ತಿಳಿಯದು. ಜೂನಿಯರ್ ನಂತರ, ವಿದ್ವತ್‌ಗೆ ಮೊದಲು ಬರುವ ರಾಜ್ಯಮಟ್ಟದ ಪರೀಕ್ಷೆ ಎಂದು ಬಿಡಿಸಿ ಬರೆಯಲಿ. ಗುರುಗಳು ಒಪ್ಪಿದರೆ ಹೊಸದಾಗಿ ಸೇರಿದ ಒಂದಿಬ್ಬರು ಮಕ್ಕಳಿಗೆ ಸರಳೆ, ಜಂಟಿವರಸೆ ಹೇಳಿಕೊಡಲಿ. ವಿಜ್ಞಾನದ ವಿದ್ಯಾರ್ಥಿನಿ ಎಂದಿದ್ದೀರಿ. ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಕೂರುತ್ತವೆ, ಸ್ವರ ಏರಿದಂತೆ ಅವುಗಳ ನಡುವಿನ ಅಂತರ ಕಿರಿದಾಗುತ್ತದೆ. ಮೇಳ ಕಟ್ಟುವ, ಅಂದರೆ ಮೆಟ್ಟಿಲು ಕೂರಿಸುವ, ಕುಶಲಕರ್ಮಿಗಳು ಈ ಅಂತರವನ್ನು ನಿರ್ಧರಿಸುವುದು ಕಿವಿಯಿಂದ. ರಜೆಯಲ್ಲಿ ಅಂಥವರೊಬ್ಬರ ಪಕ್ಕದಲ್ಲಿ ಕುಳಿತು, ಅಂತರಗಳನ್ನು ಅಳತೆಪಟ್ಟಿಯಿಂದ ಅಳೆದು, ಪ್ರತಿ ಸ್ವರದ ಕಂಪನಾಂಕವನ್ನು ಮೊಬೈಲ್ ಆಪ್‌ನಿಂದ ಗುರುತಿಸಿಕೊಂಡರೆ, ಭೌತವಿಜ್ಞಾನ ಪುಸ್ತಕದ ತಂತಿಯ ಕಂಪನದ ಸೂತ್ರಕ್ಕೂ ಆ ಕಿವಿಗೂ ಎಷ್ಟು ಹೊಂದುತ್ತದೆ ಎಂದು ನೋಡಬಹುದು. ಖರ್ಚು ಬಸ್ ಚಾರ್ಜು ಮಾತ್ರ. ಅವಳಿಗೆ ಕುತೂಹಲವಿದ್ದರೆ ಮಾತ್ರ ಇದು. ನಾನು ಹೇಳಿದೆನೆಂದು ಮಾಡಿಸಿದರೆ ಪಟ್ಟಿಯ ಹನ್ನೊಂದನೆಯ ಐಟಂ ಆಗುತ್ತದೆ. ಎಂಐಟಿ, ಯೇಲ್‌ನಂತಹ ಕಡೆ ಸಂಗೀತದ ಧ್ವನಿಮುದ್ರಣವನ್ನು ಅರ್ಜಿಯ ಜೊತೆ ಕಳುಹಿಸಲು ಅವಕಾಶವಿದೆ. ನುಡಿಸಾಣಿಕೆ ನಿಜಕ್ಕೂ ಚೆನ್ನಾಗಿದ್ದರೆ ಕಳುಹಿಸಿ.

ಲಕ್ಷಗಳನ್ನು ಎಣಿಸುವ ಮೊದಲು ಇನ್ನೊಂದು ಕೆಲಸ ಮಾಡಿ. ಕಾಲೇಜಿನ ಹೆಸರಿನ ಜೊತೆ ‘ಕಾಮನ್ ಡೇಟಾ ಸೆಟ್’ ಎಂದು ಹುಡುಕಿ. ಹೆಚ್ಚಿನ ಕಾಲೇಜುಗಳು ಪ್ರತಿವರ್ಷ ಪ್ರಕಟಿಸುವ ಈ ದಾಖಲೆಯ ಸಿ7 ಎಂಬ ಕೋಷ್ಟಕದಲ್ಲಿ ಅಂಕ, ಪ್ರಬಂಧ, ಶಿಫಾರಸು ಪತ್ರ, ಪಠ್ಯೇತರ ಚಟುವಟಿಕೆ, ಇವುಗಳಲ್ಲಿ ಯಾವುದು ‘ಅತಿ ಮುಖ್ಯ’, ಯಾವುದು ‘ಮುಖ್ಯ’, ಯಾವುದು ಬರೀ ‘ಪರಿಗಣಿಸಲಾಗುತ್ತದೆ’, ಯಾವುದನ್ನು ನೋಡುವುದೇ ಇಲ್ಲ ಎಂದು ಕಾಲೇಜೇ ಗುರುತು ಹಾಕಿರುತ್ತದೆ. ನಿಮ್ಮ ಸಲಹೆಗಾರರು ಇದನ್ನು ತೋರಿಸಲಿಲ್ಲ ಎಂದುಕೊಳ್ಳುತ್ತೇನೆ. ಬ್ರಿಟನ್‌ಗೂ ಅರ್ಜಿ ಹಾಕುವುದಿದ್ದರೆ ಲೆಕ್ಕವೇ ಬೇರೆ: ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳು ಆಯ್ದ ವಿಷಯದಲ್ಲಿ ಪಠ್ಯದಾಚೆ ಏನು ಓದಿದ್ದೀರಿ, ಏನು ಯೋಚಿಸಿದ್ದೀರಿ ಎಂದು ಕೇಳುತ್ತವೆ, ಅಲ್ಲಿ ವೀಣೆಗಿಂತ ಆ ಮೆಟ್ಟಿಲುಗಳ ಅಳತೆಗೇ ಬೆಲೆ.

ಪ್ರಶ್ನೆ: ಮಗ ಎನ್‌ಸಿಸಿಯಲ್ಲಿದ್ದಾನೆ, ವಾಲಿಬಾಲ್ ಆಡುತ್ತಾನೆ. ಸಿಇಟಿ, ಜೆಇಇಗೆ ಇದರಿಂದ ಉಪಯೋಗವಿದೆಯೇ, ಅಥವಾ ನಿಲ್ಲಿಸಿ ಓದಿಸಲೇ?
– ಒಬ್ಬ ತಂದೆ, ದಾವಣಗೆರೆ

ಉತ್ತರ: ಸಾಮಾನ್ಯ ಸೀಟಿಗೆ ಉಪಯೋಗವಿಲ್ಲ. ನಮ್ಮ ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕ್‌ಗೆ ಅರ್ಧ ಪಿಯು ವಿಷಯಗಳ ಅಂಕ, ಇನ್ನರ್ಧ ಸಿಇಟಿ ಅಂಕ. ಪದಕ ತೂಗಲು ಅಲ್ಲಿ ತಕ್ಕಡಿಯೇ ಇಲ್ಲ. ಎನ್‌ಸಿಸಿ, ಕ್ರೀಡೆ, ಸ್ಕೌಟ್ಸ್ ಮತ್ತು ಗೈಡ್ಸ್‌ಗೆ ಪ್ರತ್ಯೇಕ ಕೋಟಾ ಇದೆ, ಆದರೆ ಸೀಟು ಕಡಿಮೆ, ಶಾಲಾಮಟ್ಟದ ಪ್ರಮಾಣಪತ್ರ ನಡೆಯುವುದಿಲ್ಲ. ಯಾವ ಹಂತದ ಪ್ರಮಾಣಪತ್ರ ಬೇಕೆಂದು, ಸಿಇಟಿ ನಡೆಸುವ ಕೆಇಎಯ ಮಾಹಿತಿ ಪುಸ್ತಕದಲ್ಲಿ ಓದಿ, ಮೂಲ ಪ್ರತಿಗಳನ್ನು ಜೋಪಾನ ಮಾಡಿ. ಐಐಟಿ ಮದ್ರಾಸ್ 2024ರಲ್ಲಿ ಕ್ರೀಡಾಪಟುಗಳಿಗೆ, 2025ರಲ್ಲಿ ಕಲಾವಿದರಿಗೆ ಹೆಚ್ಚುವರಿ ಸೀಟುಗಳನ್ನು ತೆರೆದಿದೆ. ಅದಕ್ಕೂ ಜೆಇಇ ಅಡ್ವಾನ್ಸ್‌ಡ್‌ನಲ್ಲಿ ಅರ್ಹತೆ ಪಡೆದಿರಬೇಕು, ಕ್ರೀಡೆಯಾದರೆ ರಾಷ್ಟ್ರಮಟ್ಟದ ಪದಕ ಬೇಕು. ಹಾಗೆಂದು ವಾಲಿಬಾಲ್ ನಿಲ್ಲಿಸಬೇಡಿ. ಹದಿನೇಳರ ಹುಡುಗ ದಿನವಿಡೀ ಕುಳಿತೇ ಇದ್ದರೆ ಓದೂ ಹತ್ತುವುದಿಲ್ಲ.

ಪ್ರಶ್ನೆ: ನಮ್ಮೂರಿನಲ್ಲಿ ಕ್ಲಬ್, ಸ್ಪರ್ಧೆ ಏನೂ ಇಲ್ಲ. ಕಾಲೇಜು ಮುಗಿಸಿ ಬಂದರೆ ಮನೆಯ ಅಡಿಕೆ ಕೆಲಸ, ತಮ್ಮನ ಪಾಠ, ಅಜ್ಜಿಯ ಔಷಧೋಪಚಾರ. ವಿದೇಶದ ಕಾಲೇಜಿಗೆ ಅರ್ಜಿ ಹಾಕಲು ನನಗೆ ಏನಿದೆ?
– ಪಿಯು ವಿದ್ಯಾರ್ಥಿನಿ, ಶಿರಸಿ ತಾಲ್ಲೂಕು

ಉತ್ತರ: ನೀವು ಬರೆದಿರುವುದೇ ಇದೆ. ಕಾಮನ್ ಆಪ್‌ನಲ್ಲಿ ಚಟುವಟಿಕೆಯ ಬಗೆಯನ್ನು ಆರಿಸುವ ಪಟ್ಟಿಯಲ್ಲಿ ‘ಕುಟುಂಬದ ಜವಾಬ್ದಾರಿ’ ಎಂಬ ಆಯ್ಕೆಯೇ ಇದೆ. ಸಂಬಳದ ಕೆಲಸಕ್ಕೂ ಇದೆ. ಹಾರ್ವರ್ಡ್‌ನ ಶಿಕ್ಷಣ ವಿಭಾಗದಿಂದ 2016ರಲ್ಲಿ ಬಂದ ವರದಿಯೊಂದು, ಮನೆಯವರಿಗಾಗಿ ದುಡಿಯುವ ಮಕ್ಕಳ ಕೆಲಸವನ್ನೂ ಕಾಲೇಜುಗಳು ಗಂಭೀರವಾಗಿ ಎಣಿಸಬೇಕು, ಉದ್ದನೆಯ ಪಟ್ಟಿಗೆ ಮರುಳಾಗಬಾರದು ಎಂದು ಹೇಳಿತು. ಹಲವು ಪ್ರತಿಷ್ಠಿತ ಕಾಲೇಜುಗಳ ಪ್ರವೇಶಾಧಿಕಾರಿಗಳು ಅದನ್ನು ಬೆಂಬಲಿಸಿದರು.

ಬರೆಯುವಾಗ ‘ತಂದೆತಾಯಿಗೆ ನೆರವಾದೆ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಕೊನೆ (ಗೊನೆ) ಕೊಯ್ಲಿನ ದಿನ ಎಷ್ಟು ಆಳುಗಳ ಲೆಕ್ಕ ಬರೆದಿರಿ, ಸುಲಿದು ಬೇಯಿಸಿದ ಅಡಿಕೆಯನ್ನು ಅಟ್ಟದ ಮೇಲೆ ಎಷ್ಟು ದಿನ ತಿರುವಿ ಒಣಗಿಸಿದಿರಿ, ರಾಶಿ, ಬೆಟ್ಟೆ, ತಟ್ಟಿಬೆಟ್ಟೆ ಎಂದು ಆರಿಸುವುದು ನಿಮ್ಮ ಕೆಲಸವೇ, ಸೊಸೈಟಿಯ ಟೆಂಡರ್ ದರ ನೋಡಿ ಮಾರುವ ದಿನವನ್ನು ಹೇಳುವವರು ಯಾರು? ಇಂಥ ಎರಡು ವಿವರಗಳು 150 ಅಕ್ಷರಗಳಲ್ಲಿ ಆರಾಮವಾಗಿ ಹಿಡಿಸುತ್ತವೆ. ಅಡಿಕೆ ಎಂದರೇನೆಂದು ಅಲ್ಲಿನವರಿಗೆ ತಿಳಿಯದಿದ್ದರೂ ಆಳು, ತೂಕ, ದರ ತಿಳಿಯುತ್ತವೆ. ತಮ್ಮನ ಪಾಠವನ್ನು ಬೇರೆ ಖಾನೆಯಲ್ಲಿ ಹಾಕಿ. ಅಜ್ಜಿಯ ವಿಷಯ ಪ್ರಬಂಧಕ್ಕೆ ಒದಗಬಹುದು, ಖಾನೆಗಿಂತ ಅಲ್ಲಿ ಜಾಗ ಹೆಚ್ಚು.

ಕಾಲೇಜಿನಿಂದ ಶಿಫಾರಸು ಪತ್ರ ಬರೆಯುವ ಉಪನ್ಯಾಸಕರಿಗೆ ಈ ಸಂಗತಿಗಳನ್ನು ಈಗಲೇ ಹೇಳಿಡಿ. ಅವರಿಗೆ ನಿಮ್ಮ ಅಂಕ ಗೊತ್ತಿರುತ್ತದೆ, ಅಟ್ಟ ಗೊತ್ತಿರುವುದಿಲ್ಲ. ಈ ಸುಗ್ಗಿಯಿಂದಲೇ ವಾರಕ್ಕೆಷ್ಟು ಗಂಟೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬೇಗನೆ ಅರ್ಜಿ ಹಾಕುವವರಿಗೆ ಹಲವು ಕಾಲೇಜುಗಳ ಕೊನೆಯ ದಿನ ನವೆಂಬರ್ 1, ಅಷ್ಟರಲ್ಲಿ ನಿಮ್ಮ ಮುಂದಿನ ಕೊಯ್ಲು ಶುರುವಾಗುವ ಹೊತ್ತಾಗಿರುತ್ತದೆ.