ಪ್ರತಿಕ್ರಿಯೆ: ಒಂದೇ ದಿನದ ಬಿಪಿ, ಶುಗರ್ ತರಬೇತಿ

ನಿಮ್ಮ ಪಿಎಚ್‌ಸಿಯ ಆಶಾಗಳಿಗೆ, ನರ್ಸ್‌ಗಳಿಗೆ ಬಿಪಿ, ಶುಗರ್ ಬಗ್ಗೆ ಕಲಿಸಲು ಒಂದೇ ದಿನ ಸಿಕ್ಕಿದೆ, ಸ್ಲೈಡ್‌ನಲ್ಲಿ ಏನೇನು ಹಾಕಲಿ ಅಂತ ಕೇಳಿದ್ದೀರಿ. ಸ್ಲೈಡ್ ಬಿಡಿ ಸಾರ್. 30 ವರ್ಷ ದಾಟಿದವರ ಸಿಬ್ಯಾಕ್ ಫಾರಂ (ಬಿಪಿ, ಶುಗರ್‌ನಂಥ ಕಾಯಿಲೆಯ ಅಪಾಯ ಎಷ್ಟಿದೆ ಅಂತ ಅಂಕ ಹಾಕುವ ಪ್ರಶ್ನಾವಳಿ) ತುಂಬುವುದು, ಅಂಕ 4 ದಾಟಿದವರನ್ನು ಮೊದಲು ತಪಾಸಣೆಗೆ ಕಳಿಸುವುದು, ಇದು ಆಶಾಗಳಿಗೆ ನಮಗಿಂತ ಚೆನ್ನಾಗಿ ಗೊತ್ತು.

ಬೆಳಿಗ್ಗೆ ಪೂರ್ತಿ ಬಿಪಿ ಅಳೆಯುವುದಕ್ಕೇ ಇಡಿ. ಒಬ್ಬರ ಬಿಪಿ ಇನ್ನೊಬ್ಬರು ನೋಡಲಿ. ಐದು ನಿಮಿಷ ಸುಮ್ನೆ ಕೂತಿರಬೇಕು, ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳಿನ ಪಟ್ಟಿ ಎದೆಯ ಮಟ್ಟಕ್ಕೆ, ನಡುವೆ ಮಾತು ಬೇಡ. ಬಿಸಿಲಲ್ಲಿ ನಡೆದು ಬಂದವರನ್ನು ಕೂರಿಸಿದ ಕೂಡಲೇ, ಅದೂ ದಪ್ಪ ಅಂಗಿ ತೋಳಿನ ಮೇಲೇ ಪಟ್ಟಿ ಸುತ್ತಿ ನೋಡಿದರೆ ಸಂಖ್ಯೆ ಜಾಸ್ತಿ ಬರದೆ ಇನ್ನೇನು!

ಮಧ್ಯಾಹ್ನ ನಾಟಕ ಆಡಿಸಿ. ಒಬ್ಬರು "ಬಿಪಿ ಸರಿಹೋಯ್ತಲ್ವಾ, ಮಾತ್ರೆ ಬಿಟ್ಟೆ" ಅನ್ನುವ ಅಜ್ಜಿ. ಮಾತ್ರೆ ಇರುವುದರಿಂದಲೇ ಅದು 140/90ರ ಕೆಳಗಿದೆ ಅಂತ ಇನ್ನೊಬ್ಬರು ಬೈಯದೆ ಹೇಳಬೇಕು. "ಮಾತ್ರೆ ತಗೊಳ್ತಿದ್ದೀರಾ?" ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ, "ಹೋದ ವಾರ ಎಷ್ಟು ದಿನ ತಪ್ಪಿತು?" ಅಂತ ಕೇಳಲು ಕಲಿಸಿ.

ಸಮಯ ಉಳಿದರೆ ಶುಗರ್ ಇರುವವರ ಚಪ್ಪಲಿ ಬಿಚ್ಚಿಸಿ ಅಂಗಾಲು, ಬೆರಳ ಸಂದಿ ನೋಡುವುದನ್ನೂ ತೋರಿಸಿ.