ವಾಹನ ಪ್ರಶ್ನೋತ್ತರ: ಹಳೆಯ ಕಾರಿನ ಫ್ಯಾನ್ ಬೆಲ್ಟಿಗೆ ಅಳತೆ ತೆಗೆಯುವುದು ಹೇಗೆ?

ಪ್ರಶ್ನೆ: ನಮ್ಮ ತಂದೆಯವರ 1953ರ ಆಸ್ಟಿನ್ ಎ40 ಸಾಮರ್‌ಸೆಟ್ ಕಾರನ್ನು ರಿಪೇರಿ ಮಾಡಿಸಿ ಮತ್ತೆ ರಸ್ತೆಗಿಳಿಸಿದ್ದೇವೆ. ಹೋದ ತಿಂಗಳು ಅದರ ಫ್ಯಾನ್ ಬೆಲ್ಟ್ ಹರಿಯಿತು. ಅದರ ಮೇಲಿನ ನಂಬರು ಅಳಿಸಿಹೋಗಿತ್ತು. ಮೂರು ಪುಲ್ಲಿಗಳ ಸುತ್ತ ದಾರ ಸುತ್ತಿ ಅಳೆದಾಗ 36 ಇಂಚು ಬಂತು. ಜೆ.ಸಿ. ರಸ್ತೆಯಲ್ಲಿ 36 ಇಂಚಿನ ಬೆಲ್ಟ್ ಕೇಳಿದಾಗ ‘ಎ 36’ ಎಂದು ಮುದ್ರಿಸಿದ್ದನ್ನು ಕೊಟ್ಟರು. ಬೆಲ್ಟ್ ಬಿಗಿಸಲು ಡೈನಮೋವನ್ನು ಪೂರ್ತಿ ಹೊರಕ್ಕೆಳೆದರೂ ಅದು ಸಡಿಲವಾಗಿಯೇ ಉಳಿಯಿತು. ಇನ್ನೊಂದು ಅಂಗಡಿಯಲ್ಲಿ 10 ಮಿ.ಮೀ. ಅಗಲದ ಬೆಲ್ಟ್ ಸಿಕ್ಕಿತು. ಅದು ಹೇಗೋ ಕೂತಿದೆ, ಆದರೆ ಹೆಡ್‌ಲೈಟ್ ಹಾಕಿದರೆ ಕಿರುಚುತ್ತದೆ, ಚಾರ್ಜಿಂಗ್ ದೀಪ ಮಿನುಗುತ್ತದೆ, ಸಿಗ್ನಲ್‌ಗಳಲ್ಲಿ ನಿಂತಾಗ ಎಂಜಿನ್ ಬಿಸಿಯೇರುತ್ತದೆ. ಸರಿಯಾದ ಬೆಲ್ಟನ್ನು ಕಂಡುಕೊಳ್ಳುವುದು ಹೇಗೆ?
— ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ನೀವು ದಾರ ಸುತ್ತಿ ಅಳೆದದ್ದು ಸರಿಯಾದ ಕ್ರಮವೇ. ತಪ್ಪಿದ್ದು ಆ 36 ಇಂಚು ಬೆಲ್ಟಿನ ಯಾವ ಮೈಯ ಅಳತೆ ಎಂಬಲ್ಲಿ. ದಾರವು ಪುಲ್ಲಿಗಳ ಹೊರ ಅಂಚಿನ ಮೇಲೆ ಹಾದುಹೋಗುವುದರಿಂದ ಅದು ತೋರಿಸುವುದು ಬೆಲ್ಟಿನ ಹೊರಸುತ್ತಳತೆಯನ್ನು. ಆದರೆ ‘ಎ 36’ ಎಂಬುದರಲ್ಲಿ 36 ಎಂದರೆ ಒಳಸುತ್ತಳತೆ. ಎ ವರ್ಗದ ಬೆಲ್ಟ್ ಮೇಲ್ಭಾಗದಲ್ಲಿ 13 ಮಿ.ಮೀ. ಅಗಲ, 8 ಮಿ.ಮೀ. ದಪ್ಪ ಇರುತ್ತದೆ, ಆ ದಪ್ಪದಿಂದಾಗಿ ಒಳಸುತ್ತಿಗೂ ಹೊರಸುತ್ತಿಗೂ ಸುಮಾರು 50 ಮಿ.ಮೀ., ಅಂದರೆ ಹೆಚ್ಚುಕಡಿಮೆ ಎರಡು ಇಂಚು ವ್ಯತ್ಯಾಸ ಬರುತ್ತದೆ. ಹೀಗಾಗಿ ನಿಮ್ಮ ಕೈಗೆ ಬಂದದ್ದು ಹೊರಗೆ 38 ಇಂಚಿನ ಬೆಲ್ಟ್. ನಿಮ್ಮ ದಾರದ ಅಳತೆಗೆ ಹೊಂದಬೇಕಾದದ್ದು ‘ಎ 34’. ಕಾರಿಗೆಂದೇ ತಯಾರಾಗುವ ಬೆಲ್ಟುಗಳಲ್ಲಿ ಕ್ರಮ ಬೇರೆ: ‘ಎವಿಎಕ್ಸ್ 13×915 ಎಲ್‌ಎ’ ಎಂದಿದ್ದರೆ 13 ಮಿ.ಮೀ. ಮೇಲಗಲ, 915 ಮಿ.ಮೀ. ಹೊರಸುತ್ತಳತೆ. 915 ಮಿ.ಮೀ. ಎಂದರೆ ನಿಮ್ಮ 36 ಇಂಚೇ. ಆದ್ದರಿಂದ ಅಂಗಡಿಯಲ್ಲಿ ಬರೀ ಇಂಚು ಹೇಳದೆ, ‘ಹೊರ ಅಳತೆ 915’ ಎಂದು ಸ್ಪಷ್ಟವಾಗಿ ಹೇಳಿ.

ಆದರೆ ಉದ್ದಕ್ಕಿಂತ ಮೊದಲು ಅಗಲವನ್ನು ನಿರ್ಧರಿಸಬೇಕು, ಹೆಚ್ಚಿನವರು ಎಡವುವುದು ಇಲ್ಲಿಯೇ. ಈ ಬೆಲ್ಟ್ ಎಂಜಿನ್ನಿನ ಶಕ್ತಿಯನ್ನು ಸಾಗಿಸುವುದು ತನ್ನ ಎರಡು ಪಕ್ಕಗಳಿಂದ; ಪುಲ್ಲಿಯ ತೋಡಿನ ಇಳಿಜಾರು ಗೋಡೆಗಳ ನಡುವೆ ಬೆಣೆಯಂತೆ ಸಿಕ್ಕಿಕೊಂಡಾಗ ಮಾತ್ರ ಅದಕ್ಕೆ ಹಿಡಿತ ಬರುತ್ತದೆ. ಬೆಲ್ಟಿನ ಬೆನ್ನು ಪುಲ್ಲಿಯ ಅಂಚಿಗೆ ಸಮನಾಗಿ ಅಥವಾ ಕೂದಲೆಳೆಯಷ್ಟು ಮೇಲೆ ನಿಲ್ಲಬೇಕು, ಅದರ ಹೊಟ್ಟೆ ತೋಡಿನ ತಳವನ್ನು ಮುಟ್ಟಲೇಬಾರದು. 13 ಮಿ.ಮೀ. ತೋಡಿನಲ್ಲಿ 10 ಮಿ.ಮೀ. ಬೆಲ್ಟ್ ಹಾಕಿದರೆ ಅದು ನಾಲ್ಕೈದು ಮಿ.ಮೀ. ಕೆಳಗಿಳಿಯುತ್ತದೆ, ತಳ ಮುಟ್ಟಿತೆಂದರೆ ಎಷ್ಟು ಬಿಗಿ ಮಾಡಿದರೂ ಜಾರುತ್ತದೆ. ಹೆಡ್‌ಲೈಟ್ ಹಾಕಿದೊಡನೆ ಡೈನಮೋ ಮೇಲೆ ಭಾರ ಬೀಳುವುದರಿಂದ ಕಿರುಚಾಟ ಆಗಲೇ ಕೇಳಿಸುತ್ತದೆ. ವಾಟರ್ ಪಂಪನ್ನೂ ಫ್ಯಾನನ್ನೂ ತಿರುಗಿಸುವುದು ಇದೇ ಬೆಲ್ಟ್ ಆದ್ದರಿಂದ, ನಮ್ಮ ಊರಿನ ಸಿಗ್ನಲ್‌ಗಳಲ್ಲಿ, ಗಾಳಿಗೆ ಫ್ಯಾನನ್ನೇ ನಂಬಿ ನಿಂತಿರುವ ಹೊತ್ತಿನಲ್ಲಿ, ಎಂಜಿನ್ ಕಾಯುವುದು ಸಹಜ. ಎಂಜಿನ್ ಆರಿಸಿ, ಬೆಲ್ಟ್ ಬಿಚ್ಚಿ, ಟಾರ್ಚ್ ಹಿಡಿದು ಡೈನಮೋ ಪುಲ್ಲಿಯ ತೋಡನ್ನು ನೋಡಿ: ತಳವು ಉಜ್ಜಿದ ಹಿತ್ತಾಳೆ ಪಾತ್ರೆಯಂತೆ ಹೊಳೆಯುತ್ತಿದ್ದರೆ ಬೆಲ್ಟ್ ಅಲ್ಲಿ ಓಡುತ್ತಿದೆ ಎಂದು ಅನುಮಾನವಿಲ್ಲದೆ ತಿಳಿಯಬಹುದು. ಹೊಳಪು ಪಕ್ಕದ ಗೋಡೆಗಳಲ್ಲಿರಬೇಕು, ತಳ ಮಂಕಾಗಿರಬೇಕು.

ಹರಿದ ಬೆಲ್ಟನ್ನು ಅಂಗಡಿಗೆ ಒಯ್ದು, ಹೊಸದರ ಪಕ್ಕದಲ್ಲಿ ಜೋತುಬಿಟ್ಟು ಹೋಲಿಸುವ ರೂಢಿಯನ್ನು ನಾನು ಒಪ್ಪುವುದಿಲ್ಲ. ವರ್ಷಗಟ್ಟಲೆ ಓಡಿದ ಬೆಲ್ಟ್ ಪಕ್ಕಗಳಲ್ಲಿ ಸವೆದು ಕಿರಿದಾಗಿರುತ್ತದೆ, ಎಳೆದುಕೊಂಡು ಉದ್ದವಾಗಿರುತ್ತದೆ. ಹಿಂದಿನವರು ತಪ್ಪು ಬೆಲ್ಟನ್ನೇ ಹಾಕಿದ್ದಿರಲೂಬಹುದು. ಕಾರಿನ ಹೆಸರು ಹೇಳಿ ಕೇಳುವುದೂ ಅಷ್ಟೇ ಅನಿಶ್ಚಿತ. 70 ವರ್ಷಗಳಲ್ಲಿ ಯಾರೋ ಬೇರೆ ಗಾಡಿಯ ಡೈನಮೋ ಕೂರಿಸಿದ್ದರೆ, ಪುಲ್ಲಿ ಬದಲಾಯಿಸಿದ್ದರೆ, ಪುಸ್ತಕದ ಅಳತೆ ನಿಮ್ಮ ಎಂಜಿನ್ನಿಗೆ ಹೊಂದುವುದಿಲ್ಲ. ನಿಮ್ಮ ಬಾನೆಟ್ಟಿನ ಕೆಳಗಿರುವ ಪುಲ್ಲಿಗಳೇ ಪ್ರಮಾಣ.

ಆದ್ದರಿಂದ ಇನ್ನೊಮ್ಮೆ ಹೀಗೆ ಅಳೆಯಿರಿ. ವರ್ನಿಯರ್ ಕ್ಯಾಲಿಪರ್‌ನಿಂದ ಮೂರೂ ಪುಲ್ಲಿಗಳ ತೋಡಿನ ಮೇಲಗಲವನ್ನು ನೋಡಿ. ಡೈನಮೋ ಬೋಲ್ಟುಗಳನ್ನು ಸಡಿಲಿಸಿ, ಉದ್ದ ತೂತಿನ ಪಟ್ಟಿಯಲ್ಲಿ ಅದನ್ನು ಎಂಜಿನ್ ಕಡೆಯ ತುದಿಯಿಂದ ಮೂರನೆಯ ಒಂದು ಭಾಗದಷ್ಟು ಹೊರಗೆ ನಿಲ್ಲಿಸಿ ಬಿಗಿಮಾಡಿ. ಹಾಗೆ ಮಾಡಿದರೆ ಹೊಸ ಬೆಲ್ಟನ್ನು ಏರಿಸಲೂ, ಮುಂದೆ ಅದು ಎಳೆದುಕೊಂಡಾಗ ಬಿಗಿಸಲೂ ಜಾಗ ಉಳಿಯುತ್ತದೆ. ಹಿಗ್ಗದ ಹುರಿಯನ್ನು ಅಂಚುಗಳ ಮೇಲೆ ಬಿಗಿಯಾಗಿ ಸುತ್ತಿ, ಎರಡೂ ಎಳೆ ಸೇರುವಲ್ಲಿ ಪೆನ್ನಿನಿಂದ ಗುರುತು ಹಾಕಿ, ಬಿಚ್ಚಿ ನೆಲದ ಮೇಲೆ ನೇರವಾಗಿಟ್ಟು ಮಿ.ಮೀ.ನಲ್ಲಿ ಅಳೆಯಿರಿ. ತೋಡು 13 ಮಿ.ಮೀ.ಗಿಂತ ಅಗಲವಾಗಿದ್ದರೆ 17 ಮಿ.ಮೀ. ಅಗಲ, 11 ಮಿ.ಮೀ. ದಪ್ಪದ ಬಿ ವರ್ಗದ ಬೆಲ್ಟ್ ಹೊಂದುತ್ತದೆಯೇ ನೋಡಬೇಕು. ಅದರಲ್ಲಿ ಒಳ–ಹೊರ ವ್ಯತ್ಯಾಸ ಸುಮಾರು 69 ಮಿ.ಮೀ.

ಜೆ.ಸಿ. ರಸ್ತೆಯಲ್ಲಿ ಸಿಗದಿದ್ದರೆ ಎಸ್.ಜೆ.ಪಿ. ರಸ್ತೆಯ ಕಡೆ ಯಂತ್ರಗಳ ಬೆಲ್ಟ್, ಬೇರಿಂಗ್ ಮಾರುವ ಅಂಗಡಿಗಳಲ್ಲಿ ವಿಚಾರಿಸಿ. ಒಳಮೈಯಲ್ಲಿ ಹಲ್ಲುಗಳಂತೆ ಕಚ್ಚುಗಳಿರುವ ಬೆಲ್ಟ್ ಸಿಕ್ಕರೆ ಅದನ್ನೇ ಆರಿಸಿ. ಡೈನಮೋದ ಚಿಕ್ಕ ಪುಲ್ಲಿಯ ಮೇಲೆ ಅದು ಸುಲಭವಾಗಿ ಬಾಗುತ್ತದೆ, ಕಡಿಮೆ ಕಾಯುತ್ತದೆ.

ಹಾಕುವಾಗ ಡೈನಮೋವನ್ನು ಪೂರ್ತಿ ಒಳಕ್ಕೆ ತಳ್ಳಿ, ಬೆಲ್ಟನ್ನು ಫ್ಯಾನಿನ ಒಂದೊಂದೇ ರೆಕ್ಕೆ ದಾಟಿಸಿ ಕೈಯಿಂದಲೇ ಏರಿಸಬೇಕು. ಸ್ಕ್ರೂಡ್ರೈವರ್‌ನಿಂದ ಮೀಟಿ ಏರಿಸಿದರೆ ಒಳಗಿನ ನೂಲೆಳೆಗಳು ಹರಿದು, ಹೊರಗೆ ಏನೂ ಕಾಣದಿದ್ದರೂ ಬೆಲ್ಟ್ ಬೇಗನೆ ಹಾಳಾಗುತ್ತದೆ. ಎರಡು ಪುಲ್ಲಿಗಳ ನಡುವೆ ಬೆಲ್ಟ್ ಅತಿ ಉದ್ದಕ್ಕೆ ಹಾಯುವ ಭಾಗದ ಮಧ್ಯದಲ್ಲಿ ಹೆಬ್ಬೆರಳಿನಿಂದ ಒತ್ತಿದಾಗ ಅರ್ಧ ಇಂಚು ತಗ್ಗಿದರೆ ಸಾಕು. ಅದಕ್ಕಿಂತ ಬಿಗಿ ಮಾಡಿದರೆ ವಾಟರ್ ಪಂಪಿನ ಬೇರಿಂಗ್ ಹೋಗುತ್ತದೆ, ಆ ಕಾಲದ ಪಂಪನ್ನು ಹುಡುಕುವುದು ಬೆಲ್ಟ್ ಹುಡುಕುವುದಕ್ಕಿಂತ ಬಹಳ ಕಷ್ಟ. ಹೊಸ ಬೆಲ್ಟ್ ಮೊದಲ ಕೆಲವು ದಿನಗಳಲ್ಲಿ ಸ್ವಲ್ಪ ಸಡಿಲಾಗುತ್ತದೆ. ನಂದಿ ಬೆಟ್ಟದ ಏರಿಗೆ ಹೊರಡುವ ಮುನ್ನ ಊರೊಳಗೆ ಓಡಿಸಿ, ಮತ್ತೊಮ್ಮೆ ಒತ್ತಿ ನೋಡಿ.

ಪ್ರಶ್ನೆ: ಹಳೆಯ ಮನೆಯ ಅಟ್ಟದಲ್ಲಿ ನಮ್ಮ ಕಾರಿನದೇ ಹೊಸ ಫ್ಯಾನ್ ಬೆಲ್ಟ್ ಸಿಕ್ಕಿದೆ. ಕೊಂಡು ಮೂವತ್ತು ವರ್ಷಕ್ಕೂ ಮೇಲಾಗಿದೆ, ಒಮ್ಮೆಯೂ ಬಳಸಿಲ್ಲ. ಹಾಕಬಹುದೇ?
— ಓದುಗರೊಬ್ಬರು, ಬಸವನಗುಡಿ

ಉತ್ತರ: ಹಾಕಬೇಡಿ. ರಬ್ಬರು ಓಡದೆ ಇದ್ದರೂ ಗಾಳಿ, ಬಿಸಿಲಿನ ಕಾವಿಗೆ ಗಡುಸಾಗುತ್ತದೆ. ಬೆಲ್ಟನ್ನು ಒಳಮೈ ಹೊರಗಾಗುವಂತೆ ಬಾಗಿಸಿ ಬೆಳಕಿಗೆ ಹಿಡಿದರೆ ಅಡ್ಡಡ್ಡ ಸಣ್ಣ ಬಿರುಕುಗಳು ಕಾಣಬಹುದು. ಕಾಣದಿದ್ದರೂ ಅಷ್ಟು ಹಳೆಯದನ್ನು ನಂಬಿ ದೂರ ಹೋಗಬಾರದು. ಹಾಗೆಂದು ಎಸೆಯಲೂಬೇಡಿ. ಬಳಸದ ಬೆಲ್ಟ್ ಸವೆದಿಲ್ಲ, ಅದರ ನಂಬರು ಅಳಿಸಿಲ್ಲ. ಮೇಲೆ ಹೇಳಿದಂತೆ ಪುಲ್ಲಿಗಳೊಂದಿಗೆ ತಾಳೆ ನೋಡಿದ ಮೇಲೆ ಅದು ನಿಮ್ಮ ಕಾರಿಗೆ ಒಳ್ಳೆಯ ಮಾದರಿ. ಆ ಅಳತೆಯಲ್ಲಿ ಎರಡು ಹೊಸ ಬೆಲ್ಟ್ ಕೊಂಡು, ಒಂದನ್ನು ಗಾಡಿಗೆ ಹಾಕಿ, ಇನ್ನೊಂದನ್ನು ಮೊಳೆಗೆ ತೂಗುಹಾಕದೆ, ಮಡಚದೆ, ಸಡಿಲ ಸುರುಳಿಯಾಗಿ ಬಟ್ಟೆಯಲ್ಲಿ ಸುತ್ತಿ, ಅದಕ್ಕೆ ಬೇಕಾದ ಸ್ಪ್ಯಾನರ್ ಜೊತೆಗೆ ಡಿಕ್ಕಿಯಲ್ಲಿಡಿ.