ಎಣ್ಣೆ ಖಾಲಿ ಮಾಡಿದ ಹಡಗಿನ ಟ್ಯಾಂಕ್ ಕತ್ತರಿಸುವಾಗ ಯಾಕೆ ಸಿಡಿಯುತ್ತೆ?

ತುಮಕೂರಿನಲ್ಲಿ ಗ್ಯಾಸ್ ಕಟಿಂಗ್ ಕಲಿತ ನಿಮ್ಮ ತಮ್ಮ ಗುಜರಾತಿನ ಅಲಂಗ್‌ಗೆ ಹಡಗು ಒಡೆಯಲು ಹೋಗ್ತಿದ್ದಾನೆ, ಖಾಲಿ ಟ್ಯಾಂಕಿಗೂ ಹೆದರಬೇಕಾ ಅಂತ ಕೇಳಿದ್ದೀರಿ. ಹೌದು. ತುಂಬಿದ ಟ್ಯಾಂಕಿಗಿಂತ ಖಾಲಿಯದ್ದು ಸಿಡಿಯುವ ಅಪಾಯವೇ ಜಾಸ್ತಿ.

ಉರಿಯುವುದು ಎಣ್ಣೆಯ ಆವಿ, ಅದಕ್ಕೆ ಗಾಳಿಯೂ ಬೇಕು. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವೇ ಇರಲ್ಲ. ಖಾಲಿ ಮಾಡಿದ ಮೇಲೆ ಗೋಡೆಗೆ, ಮೂಲೆಗೆ, ಪೈಪಿನ ಬೆಂಡಿಗೆ ಜಿಡ್ಡು ಅಂಟಿಕೊಂಡೇ ಇರುತ್ತದೆ, ಕತ್ತರಿಸುವ ಗ್ಯಾಸ್ ಟಾರ್ಚಿನ ಉರಿಯ ಬಿಸಿಗೆ ಅದು ಆವಿಯಾಗಿ ಒಳಗಿನ ಗಾಳಿಯ ಜೊತೆ ಬೆರೆಯುತ್ತದೆ, ಆಮೇಲೆ ಒಂದು ಕಿಡಿ ಸಾಕು. ಪೆಟ್ರೋಲ್ ಆವಿಯಾದರೆ ಗಾಳಿಯಲ್ಲಿ ಸುಮಾರು 1.4% ಇದ್ದರೂ ಹೊತ್ತಿಕೊಳ್ಳುತ್ತದೆ.

ಅದಕ್ಕೇ ಟ್ಯಾಂಕ್ ತೊಳೆದು, ಗಾಳಿ ಹಾಯಿಸಿ, ಒಳಗೆ ಆವಿ ಎಷ್ಟು ಉಳಿದಿದೆ ಅಂತ ಗ್ಯಾಸ್ ಮೀಟರ್‌ನಲ್ಲಿ ನೋಡಿ, ಬರಹದಲ್ಲಿ ಅನುಮತಿ ಸಿಕ್ಕ ಮೇಲೆ ಮಾತ್ರ ಟಾರ್ಚ್ ಹಚ್ಚಬೇಕು. ಬೆಳಗ್ಗೆ ನೋಡಿದ್ದು ಮಧ್ಯಾಹ್ನಕ್ಕೆ ನಡೆಯಲ್ಲ, ಬಿಸಿಲಿಗೆ ಮತ್ತೆ ಆವಿ ಏಳುತ್ತದೆ. ಮೂಸಿ ನೋಡಿ ‘ವಾಸನೆ ಇಲ್ಲ, ಶುರು ಮಾಡು’ ಅನ್ನುವ ಮೇಸ್ತ್ರಿಯನ್ನು ದಯವಿಟ್ಟು ನಂಬಬೇಡಿ ಅಂತ ಅವನಿಗೆ ಹೇಳಿ.

ಮುಚ್ಚಿದ ಟ್ಯಾಂಕಿನೊಳಗೆ ಸುಮ್ನೆ ಇಳಿಯಲೂ ಬಾರದು. ತುಕ್ಕು ಹಿಡಿಯುವ ಕಬ್ಬಿಣ ಒಳಗಿನ ಆಮ್ಲಜನಕ ಎಳೆದುಕೊಂಡಿರುತ್ತದೆ, ಉಸಿರು ಕಟ್ಟಿ ಬೀಳುತ್ತಾರೆ.

ನಮ್ಮೂರ ಗುಜರಿ ಅಂಗಡಿಯಲ್ಲಿ ಹಳೇ ಡೀಸೆಲ್ ಡ್ರಮ್ ಕತ್ತರಿಸುವವರಿಗೂ ಇದೇ ಲೆಕ್ಕ.